ಮುರಂ ಖಣಿ: ಪಟ್ಟಿ ಪಟ್ಟಿಯಾಗಿ ಅಗೆದು, ಬೆನ್ನಿಗೇ ನೆಲ ಸರಿಪಡಿಸುವ ಕ್ರಮ

ಮುರಂ ಅಂದರೆ ರಸ್ತೆಗೆ, ಭರ್ತಿಗೆ ಹಾಕುವ ಹರಳು ಹರಳಾದ ಮಣ್ಣು. ಬೀದರ್, ಹುಮನಾಬಾದ್, ಚಿಂಚೋಳಿ ಕಡೆಯ ಹಳೆ ಮುರಂ ಗುಂಡಿಗಳು ಹೆಚ್ಚುಕಡಿಮೆ ಒಂದೇ ರೀತಿ ಕೆಟ್ಟಿರುತ್ತವೆ. ನೆಟ್ಟಗೆ ನಿಂತ ಗೋಡೆ, ಒಂದು ಮೂಲೆಯಲ್ಲಿ ಪಾಚಿಗಟ್ಟಿದ ನೀರು, ಸುತ್ತ ಬಳ್ಳಾರಿ ಜಾಲಿ. ಮೇಲ್ಮಣ್ಣು ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ. ಕೇಳಿದರೆ ಉತ್ತರವೂ ಒಂದೇ: ‘ಮೊದಲು ಮಾಲು ತೆಗೆಯೋಣ, ಮುಚ್ಚೋದು ಆಮೇಲೆ ನೋಡೋಣ ಅಂದುಕೊಂಡಿದ್ವಿ.’ ಆ ‘ಆಮೇಲೆ’ ಬರುವ ಹೊತ್ತಿಗೆ ಮಣ್ಣು ಇರುವುದಿಲ್ಲ, ದುಡ್ಡು ಇರುವುದಿಲ್ಲ, ಯಂತ್ರ ಬೇರೆ ಊರಿಗೆ ಹೋಗಿರುತ್ತದೆ.

ಹಾಗಾಗಿ ಇಲ್ಲಿ ಕ್ರಮ ತಲೆಕೆಳಗು. ಖಣಿ ಮುಗಿದ ಮೇಲೆ ನೆಲ ಹೇಗಿರಬೇಕು ಅನ್ನುವುದನ್ನು ಮೊದಲು ಬರೆಯುತ್ತೇವೆ. ಅಲ್ಲಿಂದ ಹಿಂದಕ್ಕೆ ಬಂದು ಎಲ್ಲಿ ಬಕೆಟ್ ಇಡಬೇಕು ಅಂತ ನಿರ್ಧರಿಸುತ್ತೇವೆ. ಲೆಕ್ಕ ಸುಲಭವಾಗಲಿ ಅಂತ ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಂಡಿದ್ದೇನೆ: 200 ಮೀಟರ್ ಉದ್ದ, 100 ಮೀಟರ್ ಅಗಲದ ಲೀಸು, ಅಂದರೆ 2 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ 5 ಎಕರೆಗೆ ಸ್ವಲ್ಪ ಕಡಿಮೆ. ಅಗೆಯುವ ಆಳ 6 ಮೀಟರ್. ನೆಲದ ಇಳಿಜಾರು ಪೂರ್ವಕ್ಕೆ.

ಕೈಯಲ್ಲಿ ಇರಬೇಕಾದವು

ನೆಲದ ಮಟ್ಟ ಅಳೆಯಲು ಆಟೋ ಲೆವೆಲ್ ಮತ್ತು ಸ್ಟಾಫ್ (ಅಳತೆ ಕೋಲು). ಅದಿಲ್ಲದಿದ್ದರೆ ಗೌಂಡಿಗಳು ಬಳಸುವ ನೀರಿನ ಲೆವೆಲ್ ಪೈಪೂ ಸಣ್ಣ ಖಣಿಗೆ ಸಾಕು. 50 ಮೀಟರ್ ಟೇಪು, ಗೂಟ, ಸುಣ್ಣದ ಪುಡಿ, ಗಡಿ ಕಲ್ಲುಗಳ ಜಿಪಿಎಸ್ ಅಂಕೆ. ಅಗೆಯಲು ಹಿಟಾಚಿ, ಮೇಲ್ಮಣ್ಣು ಹೆರೆಯಲು ಜೆಸಿಬಿ, ನೆಲ ಸಡಿಲಿಸಲು ರಿಪ್ಪರ್ ಹಲ್ಲು. ನೀರಿನ ಟ್ಯಾಂಕರ್. ಒಂದು ದಪ್ಪ ನೋಟ್‌ಬುಕ್ಕನ್ನೂ ಸೇರಿಸಿಕೊಳ್ಳಿ. ಯಾವ ಪಟ್ಟಿಯ ಮಣ್ಣು ಎಲ್ಲಿದೆ ಅನ್ನುವುದು ಎರಡು ವರ್ಷದ ಮೇಲೆ ಯಾರ ತಲೆಯಲ್ಲೂ ಇರುವುದಿಲ್ಲ.

ಹಂತ 1: ಕೊನೆಯ ನಕಾಶೆ ಮೊದಲು

ಖಣಿ ಮುಗಿದ ಮೇಲೆ ಅಲ್ಲಿ ಏನಾಗಬೇಕು? ಹೊಲವೋ, ದನ ಮೇಯುವ ಹುಲ್ಲುಗಾವಲೋ, ಸೀತಾಫಲದ ತೋಟವೋ, ನೀರಿನ ಹೊಂಡವೋ? ಜಮೀನು ನಿಮ್ಮದಲ್ಲದಿದ್ದರೆ ಇದನ್ನು ರೈತನ ಜೊತೆ ಕೂತು ಮಾತಾಡಿ, ಕರಾರಿನಲ್ಲೇ ಬರೆಸಿ. ಉತ್ತರ ಬದಲಾದರೆ ಅಂಚಿನ ಇಳಿಜಾರು ಬದಲಾಗುತ್ತದೆ. ಇಳಿಜಾರು ಬದಲಾದರೆ ಸಿಗುವ ಮಾಲೂ ಬದಲಾಗುತ್ತದೆ.

ದನ ಇಳಿದು ಹತ್ತಬೇಕು, ಹುಲ್ಲು ನಿಲ್ಲಬೇಕು ಅಂದರೆ ಅಂಚು 1ಕ್ಕೆ 3 ಇರಬೇಕು. ಒಂದು ಮೀಟರ್ ಇಳಿಯಲು ಮೂರು ಮೀಟರ್ ಅಡ್ಡ ಜಾಗ. ಅಗೆಯುವಾಗ ಮಾತ್ರ ಅಂಚು 45 ಡಿಗ್ರಿ ಇರುತ್ತದೆ, ಅಂದರೆ 6 ಮೀಟರ್ ಆಳಕ್ಕೆ 6 ಮೀಟರ್ ಅಡ್ಡ. ಕೊನೆಗೆ ಬೇಕಾಗುವುದು 18 ಮೀಟರ್. ನಡುವಿನ 12 ಮೀಟರ್ ಎಲ್ಲಿಂದ ತರುತ್ತೀರಿ? ಅಂಚಿನ ಮೇಲರ್ಧ ಕೊಯ್ದು ಕೆಳಗರ್ಧಕ್ಕೆ ತಳ್ಳಿದರೆ ಮೇಲಂಚು 6 ಮೀಟರ್ ಹಿಂದೆ ಸರಿಯುತ್ತದೆ, ಬುಡ 6 ಮೀಟರ್ ಮುಂದೆ ಬರುತ್ತದೆ. ಹೊರಗಿನಿಂದ ಒಂದು ಟಿಪ್ಪರ್ ಮಣ್ಣೂ ಬೇಡ. ಆದರೆ ಹಿಂದೆ ಸರಿಯುವ ಆ 6 ಮೀಟರ್ ನಿಮ್ಮ ಲೀಸಿನೊಳಗೇ ಉಳಿದಿರಬೇಕು. ಗಡಿಯಿಂದ ಬಿಡುವ 7.5 ಮೀಟರ್ ಸುರಕ್ಷತಾ ಪಟ್ಟಿ ಬೇರೆ. ಎರಡೂ ಕೂಡಿ 13.5 ಮೀಟರ್. ಅಗೆತದ ಗೆರೆ ಗಡಿಯಿಂದ ಅಷ್ಟು ಒಳಗೆ.

ಈಗ ಮಾಲಿನ ಲೆಕ್ಕ ನೋಡಿ. 2 ಹೆಕ್ಟೇರ್, 6 ಮೀಟರ್ ಆಳ, ಸುಮ್ನೆ ಗುಣಿಸಿದರೆ 1,20,000 ಘನ ಮೀಟರ್. ತುಂಬಾ ಜನ ಇದೇ ಅಂಕೆ ಇಟ್ಟುಕೊಂಡು ಸಾಲ ಮಾಡುತ್ತಾರೆ. 13.5 ಮೀಟರ್ ಬಿಟ್ಟರೆ ಮೇಲ್ಭಾಗ 173 ಗುಣಿಸು 73 ಮೀಟರ್. ಇಳಿಜಾರು ಕಳೆದರೆ ತಳ 161 ಗುಣಿಸು 61. ಸಿಗುವುದು ಸುಮಾರು 67,000 ಘನ ಮೀಟರ್, ಅಂದರೆ 23,700 ಬ್ರಾಸ್ ಆಸುಪಾಸು (ಒಂದು ಬ್ರಾಸ್ ಅಂದರೆ 100 ಘನ ಅಡಿ). ಅದರಲ್ಲೂ ಮೇಲ್ಮಣ್ಣು ಕಳೆಯಬೇಕು. ಲಾಭ ಬರುವುದಿದ್ದರೆ ಈ ಅಂಕೆಯಲ್ಲೇ ಬರಬೇಕು. ಇಲ್ಲದಿದ್ದರೆ ಆ ಜಾಗ ಬಿಟ್ಟುಬಿಡಿ.

ಹಂತ 2: ನೆಲದೊಳಗೆ ಏನಿದೆ ನೋಡಿ

ಪ್ರತಿ ಎಕರೆಗೆ ಕನಿಷ್ಠ ಎರಡು ಪರೀಕ್ಷಾ ಗುಂಡಿ ತೋಡಿಸಿ. ಜೆಸಿಬಿ ಕೈ ಎಟುಕುವಷ್ಟು ಆಳ ಹೋಗಲಿ, ಅದರ ಕೆಳಗೆ ಬೋರ್ ಹಾಕಿಸಿ ನೋಡಿ. ಮೇಲ್ಮಣ್ಣು ಎಷ್ಟು, ಮುರಂ ಎಷ್ಟು, ಜೇಡಿ ಎಲ್ಲಿ ಶುರು, ಎಲ್ಲವನ್ನೂ ಅಳತೆ ಸಮೇತ ಬರೆದು ಫೋಟೊ ತೆಗೆಯಿರಿ. ನೋಡಿದ ಕೂಡಲೇ ಗುಂಡಿ ಮುಚ್ಚಿ. ತೆರೆದ ಪರೀಕ್ಷಾ ಗುಂಡಿಗೆ ಕರು ಬಿದ್ದರೆ ಊರಿನವರ ಜೊತೆ ಜಗಳ ಅಲ್ಲಿಂದಲೇ ಶುರುವಾಗುತ್ತದೆ.

ಮುರಂ ಯಾವ ಕೆಲಸಕ್ಕೆ ಬರುತ್ತದೆ ಅಂತ ಲ್ಯಾಬಿನಲ್ಲಿ ತಿಳಿದುಕೊಳ್ಳಿ. ಕೇಂದ್ರ ರಸ್ತೆ ಸಚಿವಾಲಯದ ಸ್ಪೆಸಿಫಿಕೇಶನ್ ಪ್ರಕಾರ ರಸ್ತೆಯ ಕೆಳಪದರವಾದ ಸಬ್‌ಬೇಸ್‌ಗೆ ಹಾಕುವ ಮಾಲಿನ ಸಣ್ಣ ಪುಡಿ ಭಾಗದ ಲಿಕ್ವಿಡ್ ಲಿಮಿಟ್ (ಮಣ್ಣು ಹರಿಯಲು ಶುರುವಾಗುವ ನೀರಿನ ಪ್ರಮಾಣ) 25, ಪ್ಲಾಸ್ಟಿಸಿಟಿ ಇಂಡೆಕ್ಸ್ (ಮಣ್ಣು ಮೆತ್ತಗೆ ನಾದಲು ಬರುವ ನೀರಿನ ವ್ಯಾಪ್ತಿ) 6 ದಾಟಬಾರದು. ಜೇಡಿ ಬೆರೆತ ಮುರಂ ಇದರಲ್ಲಿ ಫೇಲಾಗುತ್ತದೆ. ಅದು ಭರ್ತಿಗೆ ಹೋಗಬಹುದು, ಆದರೆ ರೇಟು ಬೇರೆ. ಪಟ್ಟಿಗಳ ಲೆಕ್ಕ ಹಾಕುವ ಮುಂಚೆಯೇ ಇದು ಗೊತ್ತಿರಬೇಕು.

ನೀರಿನ ವಿಷಯಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೊಡಿ. ಬೀದರ್ ಪ್ರಸ್ಥಭೂಮಿಯಲ್ಲಿ ಮೇಲೆ ಕೆಂಪು ಜಂಬಿಟ್ಟಿಗೆ, ಕೆಳಗೆ ಕಪ್ಪು ಕಲ್ಲು, ನಡುವೆ ಜೇಡಿ. ಮಳೆನೀರು ಜಂಬಿಟ್ಟಿಗೆಯ ತೂತುಗಳಲ್ಲಿ ಸರಾಗವಾಗಿ ಇಳಿಯುತ್ತದೆ, ಜೇಡಿ ಮುಟ್ಟಿದ ಮೇಲೆ ಅಡ್ಡ ಹರಿಯುತ್ತದೆ. ಬೀದರ್ ಪಕ್ಕದ ನೌಬಾದ್‌ನ ಹಳೆಯ ಸುರಂಗ ಬಾವಿಗೆ ನೀರು ಸಿಗುವುದೂ ಈ ನೆಲದೊಳಗೆ ಇಳಿದ ಮಳೆಯಿಂದಲೇ. ನೀವು ಮುರಂ ಪೂರ್ತಿ ಬಳಿದು ಜೇಡಿಯವರೆಗೆ ಇಳಿದರೆ ಆ ಹರಿವು ಖಣಿಯೊಳಗೆ ತೆರೆದುಕೊಳ್ಳುತ್ತದೆ. ಖಣಿಗೆ ನೀರು, ಪಕ್ಕದ ಬಾವಿಗೆ ಬರ. ಅದಕ್ಕೆ ಸುತ್ತಲಿನ ಬಾವಿಗಳ ಮಟ್ಟವನ್ನು ಮಳೆ ಮುಗಿದ ಕೂಡಲೇ, ಅಕ್ಟೋಬರ್ ಕೊನೆಗೆ ಅಳೆಯಿರಿ. ಬೇಸಿಗೆಯಲ್ಲಿ ಅಳೆದು ‘ನೀರು ತುಂಬಾ ಕೆಳಗಿದೆ’ ಅಂದುಕೊಳ್ಳುವುದೇ ದೊಡ್ಡ ತಪ್ಪು. ಖಣಿಯ ತಳ ಆ ಅಕ್ಟೋಬರ್ ಮಟ್ಟಕ್ಕಿಂತ ಕನಿಷ್ಠ 2 ಮೀಟರ್ ಮೇಲೇ ನಿಲ್ಲಲಿ. ಜೇಡಿಯ ಮೇಲೆ ಒಂದು ಮೀಟರ್ ಮುರಂ ಬಿಡಿ. ಅದು ಹೋದ ಮಾಲಲ್ಲ, ನಾಳೆ ಬೇರು ಇಳಿಯುವ ನೆಲ.

ಹಂತ 3: ಕಾಗದಪತ್ರ

ಬೇಗ ಹೇಳಿ ಮುಗಿಸುತ್ತೇನೆ. ಮುರಂ ಉಪಖನಿಜ. 1994ರ ಕರ್ನಾಟಕ ಉಪಖನಿಜ ರಿಯಾಯಿತಿ ನಿಯಮಗಳ ಅಡಿ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಅನುಮತಿ ಬೇಕು. ‘ನಮ್ಮದು ಚಿಕ್ಕ ಖಣಿ, ಪರಿಸರ ಅನುಮತಿ ಯಾಕೆ’ ಅನ್ನುವವರು ಈಗಲೂ ಇದ್ದಾರೆ. ಸುಪ್ರೀಂ ಕೋರ್ಟಿನ 2012ರ ಫೆಬ್ರವರಿ 27ರ ಆದೇಶದ ನಂತರ 5 ಹೆಕ್ಟೇರ್‌ಗಿಂತ ಚಿಕ್ಕ ಲೀಸಿಗೂ ಅದು ಬೇಕು. 500 ಮೀಟರ್ ಒಳಗೆ ಬೇರೆ ಲೀಸುಗಳಿದ್ದರೆ ಎಲ್ಲ ಸೇರಿಸಿ ಗುಂಪು ಅಂತ ನೋಡುತ್ತಾರೆ, ಆಗ ಕೆಲಸ ಜಾಸ್ತಿ. ಚಿಂಚೋಳಿ ಕಡೆಯವರು ವನ್ಯಜೀವಿ ಧಾಮದಿಂದ ಎಷ್ಟು ದೂರ ಇದ್ದೇವೆ ಅಂತಲೂ ಮೊದಲೇ ನೋಡಿಕೊಳ್ಳಲಿ.

ವಿಸ್ತರಣೆ ಮಾಡುವವರು ಎಡವುವುದು ಇಲ್ಲೇ. ಲೀಸಿನೊಳಗೆ ಜಾಗ ಇದೆ ಅಂತ ಅನುಮತಿಯಲ್ಲಿ ಬರೆದ ವಾರ್ಷಿಕ ಪ್ರಮಾಣಕ್ಕಿಂತ ಜಾಸ್ತಿ ತೆಗೆಯುವ ಹಾಗಿಲ್ಲ. ಆಳ ಹೆಚ್ಚಿಸುವುದೂ ಬದಲಾವಣೆಯೇ, ಅಗಲ ಮಾತ್ರ ಅಲ್ಲ. ಮೊದಲು ಯೋಜನೆ ತಿದ್ದಿಸಿ ಅನುಮತಿ ಪಡೆಯಿರಿ, ಆಮೇಲೆ ಬಕೆಟ್ ಇಡಿ. ನೀವು ಕೊಡುವ ಯೋಜನೆಯಲ್ಲಿ ಈ ಮುಂದೆ ಹೇಳುವ ಪಟ್ಟಿಗಳ ನಕಾಶೆಯೇ ಇರಲಿ. ಅನುಮತಿಗೆ ಒಂದು ನಕಾಶೆ, ಖಣಿಯಲ್ಲಿ ಇನ್ನೊಂದು ಇದ್ದರೆ ಅಳತೆಗೆ ಬಂದ ದಿನ ಸಿಕ್ಕಿಬೀಳುತ್ತೀರಿ.

ಹಂತ 4: ಪಟ್ಟಿ ಹಾಕಿ, ಸರದಿ ಗೊತ್ತು ಮಾಡಿ

173 ಮೀಟರ್ ಉದ್ದವನ್ನು ನಾಲ್ಕು ಪಟ್ಟಿ ಮಾಡಿ. ಒಂದೊಂದು ಸುಮಾರು 43 ಮೀಟರ್, 31 ಗುಂಟೆ. ಪಟ್ಟಿ 1 ಎಲ್ಲಿಂದ? ತಗ್ಗಿನ ಕಡೆಯಿಂದ, ನಮ್ಮ ಉದಾಹರಣೆಯಲ್ಲಿ ಪೂರ್ವದಿಂದ. ರಸ್ತೆಗೆ ಹತ್ತಿರ ಅಂತಲೋ, ಮಾಲು ಚೆನ್ನಾಗಿದೆ ಅಂತಲೋ ಎತ್ತರದ ಕಡೆಯಿಂದ ಶುರುಮಾಡಿದರೆ ನೀರು ಅಗೆಯುವ ಜಾಗಕ್ಕೇ ಬಂದು ನಿಲ್ಲುತ್ತದೆ. ತಗ್ಗಿನಿಂದ ಶುರುಮಾಡಿ ಮೇಲಕ್ಕೆ ಹೋದರೆ ನೀರು ಬೆನ್ನ ಹಿಂದೆ ಹರಿದು ಹೋಗುತ್ತದೆ.

ಇನ್ನು ಮೇಲ್ಮಣ್ಣಿನ ಸರದಿ. ಈ ಲೇಖನದಲ್ಲಿ ಒಂದೇ ವಿಷಯ ನೆನಪಿಡುವುದಾದರೆ ಇದನ್ನು ನೆನಪಿಡಿ. ಪಟ್ಟಿ 1ರ ಮೇಲ್ಮಣ್ಣು ಅಂಚಿನಲ್ಲಿ ಕಾಯುತ್ತದೆ. ಪಟ್ಟಿ 2ರ ಮೇಲ್ಮಣ್ಣು ನೇರ ಪಟ್ಟಿ 1ರ ತಳಕ್ಕೆ ಹೋಗುತ್ತದೆ, 3ರದು 2ಕ್ಕೆ, 4ರದು 3ಕ್ಕೆ. ಅಂಚಿನಲ್ಲಿ ಕಾದಿದ್ದ ಮಣ್ಣು ಕೊನೆಗೆ ಪಟ್ಟಿ 4ಕ್ಕೆ ಬರುತ್ತದೆ. ಒಂದೇ ಪಟ್ಟಿಯ ಮಣ್ಣನ್ನು ಎರಡು ಸಲ ಎತ್ತಬೇಕು, ಉಳಿದದ್ದೆಲ್ಲ ಒಂದೇ ಸಲ. ಡೀಸೆಲ್ ಉಳಿಯುತ್ತದೆ. ಹೆರೆದ ದಿನವೇ ಹಾಸಿದ ಮಣ್ಣಿನಲ್ಲಿ ಹುಲ್ಲಿನ ಬೀಜ, ಬೇರು, ಹುಳ ಎಲ್ಲ ಜೀವಂತ ಇರುತ್ತವೆ. ನಾಲ್ಕೂ ಪಟ್ಟಿ ಒಟ್ಟಿಗೆ ಹೆರೆದು ಗುಡ್ಡೆ ಹಾಕಿದರೆ ಎರಡೂ ಹೋಯಿತು.

ವರ್ಷದ ಸರದಿಯೂ ಇದಕ್ಕೆ ಹೊಂದಬೇಕು. ಪಟ್ಟಿಯ ಅಗೆತ ಫೆಬ್ರವರಿ ಹೊತ್ತಿಗೆ ಮುಗಿಯಲಿ. ಮಾರ್ಚ್‌, ಏಪ್ರಿಲ್‌ನಲ್ಲಿ ಅಂಚು, ತಳ ತಿದ್ದಿ. ಮೇ ತಿಂಗಳಲ್ಲಿ ಮುಂದಿನ ಪಟ್ಟಿಯ ಮೇಲ್ಮಣ್ಣು ತಂದು ಹಾಸಿ. ಜೂನ್ ಮೊದಲ ವಾರ ಮೃಗಶಿರಾ ಮಳೆ ಶುರುವಾಗುವುದರೊಳಗೆ ಬೀಜ ಕೈಯಲ್ಲಿರಲಿ. ಈ ನಡುವೆ ಗಿರಾಕಿಗೆ ಮಾಲು ಎಲ್ಲಿಂದ ಕೊಡುವುದು ಅಂತ ಕೇಳುತ್ತೀರಿ, ಅಲ್ವಾ? ಪಟ್ಟಿ 1ರಲ್ಲಿ, ಪಟ್ಟಿ 2ಕ್ಕೆ ಅಂಟಿಕೊಂಡ 10 ಮೀಟರ್ ಭಾಗವನ್ನು ಅಗೆಯದೆ ಬಿಟ್ಟಿರಿ. ಆ ತಿಂಗಳುಗಳಿಗೆ ಅದು ಸಾಕು, ಯಂತ್ರ ಓಡಾಡಲೂ ಜಾಗ ಇರುತ್ತದೆ.

ಊರು ಯಾವ ಕಡೆ ಇದೆಯೋ ಆ ಕಡೆಯ ಅಂಚಿನಲ್ಲಿ ಮೊದಲ ವರ್ಷವೇ ಬೇವು, ಹೊಂಗೆ ನೆಡಿ. ಧೂಳು ಶುರುವಾದ ಮೇಲೆ ನೆಟ್ಟ ಗಿಡ ಯಾರ ಉಪಯೋಗಕ್ಕೂ ಬರುವುದಿಲ್ಲ.

ಹಂತ 5: ಮೇಲ್ಮಣ್ಣು ಹೆರೆಯುವುದು

ಒಣ ನೆಲದಲ್ಲೇ ಹೆರೆಯಿರಿ. ಒಂದು ಹಿಡಿ ಮಣ್ಣು ಅದುಮಿ ನೋಡಿ, ಉಂಡೆ ಕಟ್ಟಿದರೆ ಕಾಯಿರಿ. ಕಲಬುರಗಿ ಕಡೆಯ ಎರೆ ಮಣ್ಣಿನಲ್ಲಂತೂ ಇದು ಕಡ್ಡಾಯ. ಹಸಿ ಎರೆಯ ಮೇಲೆ ಯಂತ್ರ ಓಡಿದರೆ ಅದು ಹಲಗೆಯಂತೆ ಗಟ್ಟಿಯಾಗುತ್ತದೆ, ಮತ್ತೆ ಪುಡಿಯಾಗಲು ವರ್ಷಗಳು ಬೇಕು.

ಉದಾಹರಣೆಯಲ್ಲಿ ಮೇಲ್ಮಣ್ಣು 30 ಸೆಂಟಿಮೀಟರ್ ಇದೆ ಅಂದುಕೊಳ್ಳಿ. ಒಂದು ಪಟ್ಟಿಗೆ ಸುಮಾರು 940 ಘನ ಮೀಟರ್. ಕೆದಕಿದ ಮೇಲೆ ಉಬ್ಬಿ 1,130 ಆಗುತ್ತದೆ. ಇದನ್ನು ಗಡಿಯ 7.5 ಮೀಟರ್ ಪಟ್ಟಿಯಲ್ಲಿ ಒಡ್ಡಿನ ಹಾಗೆ ಹಾಕಿ: ಬುಡ 6 ಮೀಟರ್, ಎತ್ತರ ಒಂದೂವರೆ. ಸುಮಾರು 250 ಮೀಟರ್ ಉದ್ದ ಬರುತ್ತದೆ. ಒಂದು ಉದ್ದ ಬದಿ ಮತ್ತು ಒಂದು ಅಡ್ಡ ಬದಿಯ ಅರ್ಧಕ್ಕೆ ಆಯಿತು. ಮೇಲಿನಿಂದ ಬರುವ ನೀರನ್ನೂ ಅದೇ ತಡೆಯುತ್ತದೆ. 2 ಮೀಟರ್‌ಗಿಂತ ಎತ್ತರ ಹಾಕಬೇಡಿ, ಒಳಗೆ ಗಾಳಿ ಆಡದೆ ಮಣ್ಣು ಸಾಯುತ್ತದೆ. ಒಡ್ಡಿನ ಮೇಲೆ ಮೊದಲ ಮಳೆಗೇ ಹುರುಳಿ ಚೆಲ್ಲಿ.

ತಪ್ಪುಗಳು ಇಲ್ಲಿ ಎರಡು, ಎರಡೂ ಹಳೆಯವು. ಯಾರೋ ತೋಟಕ್ಕೆ ಕೆಂಪು ಮಣ್ಣು ಬೇಕು ಅಂದರು ಅಂತ ಮೇಲ್ಮಣ್ಣು ಮಾರುವುದು ಒಂದು. ಜಂಬಿಟ್ಟಿಗೆ ನೆಲದಲ್ಲಿ ಮೇಲ್ಮಣ್ಣೇ ತೆಳು, ಅದನ್ನೂ ಮಾರಿದರೆ ನಾಳೆ ಕೊಂಡು ತರಬೇಕು. ಇನ್ನೊಂದು, ಹೆರೆಯುವಾಗ ಬಕೆಟ್ ಆಳ ಇಳಿದು ಮುರಂ ಬೆರೆಯುವುದು. ಬಣ್ಣ ಬದಲಾದ ಕಡೆ ನಿಲ್ಲಿಸು ಅಂತ ಆಪರೇಟರ್‌ಗೆ ಮೊದಲೇ ಹೇಳಿ, ಮೊದಲ ದಿನ ಪಕ್ಕದಲ್ಲೇ ನಿಂತಿರಿ.

ಹಂತ 6: ರಸ್ತೆ, ನೀರು

ಟಿಪ್ಪರ್ ಇಳಿಯುವ ದಾರಿ 1ಕ್ಕೆ 16ಕ್ಕಿಂತ ಕಡಿದಾಗಬಾರದು. 6 ಮೀಟರ್ ಇಳಿಯಲು 96 ಮೀಟರ್ ಉದ್ದ ಬೇಕು. ಪಟ್ಟಿಯ ಅಗಲವೇ 43 ಮೀಟರ್ ಇರುವಾಗ ಇದು ಹಿಡಿಸುವುದಿಲ್ಲ. ಅದಕ್ಕೆ ಒಂದು ಉದ್ದ ಬದಿಗೆ ಅಂಟಿಕೊಂಡಂತೆ ಪಟ್ಟಿ 2, 3ರ ಅಂಚಿನಲ್ಲಿ ದಾರಿ ಕೊರೆಯಿರಿ. ಕೊರೆದದ್ದೂ ಮಾಲೇ, ನಷ್ಟ ಇಲ್ಲ. ಈ ದಾರಿಗೆ ಮೊದಲೇ ಜಾಗ ಇಡದವರು ಕೊನೆಗೆ ಕಡಿದಾದ ಇಳಿಜಾರು ಮಾಡಿಕೊಂಡು ಟಿಪ್ಪರ್ ಉರುಳಿಸುತ್ತಾರೆ. ದಾರಿಯ ಹೊರ ಅಂಚಿಗೆ ಅರ್ಧ ಚಕ್ರದಷ್ಟಾದರೂ ಎತ್ತರದ ಒಡ್ಡು ಹಾಕಿ.

ತಳಕ್ಕೆ ಪೂರ್ವದ ಕಡೆ ನೂರಕ್ಕೆ ಒಂದರಂತೆ ಇಳಿಜಾರು ಕೊಡಿ. ತುದಿಯಲ್ಲಿ ಒಂದು ತೊಟ್ಟಿ. ಅಳತೆ ಹೀಗೆ: ಒಂದು ದಿನ 100 ಮಿಲಿಮೀಟರ್ ಮಳೆ ಬಂದರೆ ಒಂದು ಎಕರೆಗೆ 405 ಘನ ಮೀಟರ್ ನೀರು ಬೀಳುತ್ತದೆ. ಅದರಲ್ಲಿ ನೂರಕ್ಕೆ 60 ಭಾಗ ಹರಿದು ಬಂತು ಅಂದುಕೊಂಡರೆ, ಎರಡು ಎಕರೆ ತೆರೆದ ಖಣಿಗೆ ಸುಮಾರು 480 ಘನ ಮೀಟರ್ ಹಿಡಿಯುವ ತೊಟ್ಟಿ ಬೇಕು. 20 ಗುಣಿಸು 12 ಮೀಟರ್, ಆಳ 2. ಕೆಂಪು ನೀರು ಅಲ್ಲಿ ತಿಳಿಯಾಗಿ ಆಮೇಲೆ ಹಳ್ಳಕ್ಕೆ ಹೋಗಲಿ. ಈ ಭಾಗದಲ್ಲಿ ಜೂನ್ ಮಳೆ ನೋಡಿ ಲೆಕ್ಕ ಹಾಕಬೇಡಿ. ಉತ್ತರೆ, ಹಸ್ತ ಮಳೆಗಳೇ ಮೋಸ ಮಾಡುವುದು. 2020ರ ಅಕ್ಟೋಬರ್‌ನಲ್ಲಿ ಭೀಮಾ ಹೇಗೆ ತುಂಬಿ ಹರಿಯಿತು ಅನ್ನುವುದು ಕಲಬುರಗಿಯವರಿಗೆ ನೆನಪಿದೆ. ಆಗಸ್ಟ್ ಕೊನೆಗೆ ತೊಟ್ಟಿಯ ಹೂಳು ತೆಗೆಸಿ. ಸುತ್ತ ಬೇಲಿ ಹಾಕಿಸಿ, ಒಂದು ಬದಿ ಹತ್ತಿ ಬರುವಷ್ಟು ಇಳಿಜಾರು ಇರಲಿ. ಈಜಲು ಇಳಿಯುವ ಹುಡುಗರನ್ನು ಬೋರ್ಡು ತಡೆಯುವುದಿಲ್ಲ.

ಹಂತ 7: ಅಗೆತ

1961ರ ಮೆಟಲಿಫೆರಸ್ ಮೈನ್ಸ್ ರೆಗ್ಯುಲೇಷನ್ಸ್‌ನ 106ನೇ ನಿಯಮ ಮುರಂ, ಗರಸು, ಜೇಡಿಯಂಥ ನೆಲಕ್ಕೆ ಎರಡು ದಾರಿ ಕೊಡುತ್ತದೆ. ಅಂಚು 45 ಡಿಗ್ರಿ ಮೀರದ ಇಳಿಜಾರಿನಲ್ಲಿರಬೇಕು, ಇಲ್ಲವೇ ಮೆಟ್ಟಿಲು ಮಾಡಬೇಕು. ಮೆಟ್ಟಿಲಿನ ಎತ್ತರ 1.5 ಮೀಟರ್ ದಾಟಬಾರದು, ಅಗಲ ಎತ್ತರಕ್ಕಿಂತ ಕಡಿಮೆ ಇರಬಾರದು. ಅಂಚಿನಿಂದ 3 ಮೀಟರ್ ಒಳಗೆ ಮರ, ಸಡಿಲ ಕಲ್ಲು, ಮಣ್ಣಿನ ಗುಡ್ಡೆ ಇರಬಾರದು. ಬುಡ ಕೆರೆದು ಮೇಲಿನದು ತಾನಾಗಿ ಬೀಳಲಿ ಅಂತ ಬಿಡುವುದನ್ನು ಅದೇ ನಿಯಮ ನಿಷೇಧಿಸಿದೆ.

ಬೇಸಿಗೆಯಲ್ಲಿ ಜಂಬಿಟ್ಟಿಗೆ ಗೋಡೆ ಕಲ್ಲಿನಂತೆ ನೆಟ್ಟಗೆ ನಿಲ್ಲುತ್ತದೆ. ‘ಇಷ್ಟು ಗಟ್ಟಿ ಇದೆ, ಇಳಿಜಾರು ಯಾಕೆ’ ಅನ್ನಿಸುತ್ತದೆ. ಕೆಳಗಿನ ಜೇಡಿ ಮೂರು ದಿನ ನೆನೆದರೆ ಅದೇ ಗೋಡೆ ಹೇಳದೆ ಕೇಳದೆ ಕೂರುತ್ತದೆ. ಕೂಲಿಯವರು ನೆರಳಿಗೆ ಕೂರುವುದೂ ಅದರ ಬುಡದಲ್ಲೇ. ನೆರಳಿಗೆ ಬೇರೆ ಕಡೆ ಒಂದು ತಗಡಿನ ಚಪ್ಪರ ಹಾಕಿಸಿ.

ಸುಣ್ಣದ ಗೆರೆ ಪ್ರತಿ ವಾರ ಹೊಸದಾಗಿ ಎಳೆಯಿರಿ. ತಳದ ಮಟ್ಟ ತಿಂಗಳಿಗೊಮ್ಮೆ ಅಳೆಯಿರಿ. ಕಳಿಸಿದ ಮಾಲಿನ ಪರ್ಮಿಟ್ ಲೆಕ್ಕ ಮತ್ತು ಗುಂಡಿಯ ಅಳತೆ ತಾಳೆಯಾಗಬೇಕು. ತಾಳೆಯಾಗದಿದ್ದರೆ ಒಂದೋ ಮಾಲು ಕಳ್ಳತನವಾಗುತ್ತಿದೆ, ಇಲ್ಲ ಆಪರೇಟರ್ ಗೆರೆ ದಾಟಿದ್ದಾನೆ.

ಕೆಲಸ ನಿಲ್ಲಿಸಬೇಕಾದ ಸೂಚನೆಗಳು

ಮೇಲಂಚಿಗೆ ಸಮಾನಾಂತರವಾಗಿ ಬಿರುಕು ಕಂಡರೆ ಅದೇ ಗಳಿಗೆ ಕೆಳಗಿನವರನ್ನು ಹೊರಗೆ ಕಳಿಸಿ. ಎರೆ ನೆಲದಲ್ಲಿ ಬೇಸಿಗೆಯ ಬಿರುಕು ಸಾಮಾನ್ಯ, ಆದರೆ ಅದು ಎಲ್ಲ ದಿಕ್ಕಿಗೂ ಹರಡಿರುತ್ತದೆ. ಅಂಚಿನ ಗುಂಟ ಒಂದೇ ಗೆರೆಯಲ್ಲಿ ಹೋದರೆ ಅದು ಬೇರೆ. ಬೇಲಿಯ ಕಂಬ ಖಣಿಯ ಕಡೆ ವಾಲುವುದು, ಮಳೆಯಿಲ್ಲದೆ ಇಳಿಜಾರಿನ ನಡುವೆ ಒದ್ದೆ ಮಚ್ಚೆ, ಹಿಡಿ ಹಿಡಿ ಮಣ್ಣು ಉದುರುತ್ತಿರುವುದು ಇವೂ ಅಷ್ಟೇ ಗಂಭೀರ. ತಳದಲ್ಲಿ ಬೂದು, ಹಳದಿ ಜೇಡಿ ಕಂಡರೆ ಆಳ ಮುಗಿಯಿತು ಅಂತಲೇ ಅರ್ಥ. ಪಕ್ಕದ ಬಾವಿ ನೀರು ಕೆಂಪಾದರೆ ಅಥವಾ ಒಂದೇ ಸಲ ಇಳಿದರೆ ರೈತ ಬಂದು ಕೇಳುವ ಮುಂಚೆ ನೀವೇ ಹೋಗಿ ಅಳೆದು ಬನ್ನಿ.

ಹಂತ 8: ಬೆನ್ನಿಗೇ ನೆಲ ಕಟ್ಟುವುದು

ಮೊದಲು ಮಾರಾಟವಾಗದ ಜೇಡಿ, ದಪ್ಪ ಕಲ್ಲು ತಳಕ್ಕೆ ಹಾಕಿ, ಅಡಿಯಡಿಯಾಗಿ ಹರಡಿ. ನಂತರ ಅಂಚನ್ನು 1ಕ್ಕೆ 3 ಇಳಿಸಿ. ಆಮೇಲೆ ತಳವನ್ನು ರಿಪ್ಪರ್‌ನಿಂದ ಅರ್ಧ ಮೀಟರ್ ಸೀಳಿ, ಇಳಿಜಾರಿಗೆ ಅಡ್ಡವಾಗಿ. ಈ ಸೀಳುವ ಕೆಲಸವನ್ನೇ ಜನ ಬಿಡುವುದು. ಟಿಪ್ಪರ್ ಓಡಾಡಿದ ತಳ ಅಂಗಳದಂತೆ ಗಟ್ಟಿಯಾಗಿರುತ್ತದೆ. ಅದರ ಮೇಲೆ ಎಷ್ಟೇ ಮಣ್ಣು ಹಾಸಿದರೂ ಮಳೆಯಲ್ಲಿ ಕೆಸರು, ನವೆಂಬರ್‌ನಲ್ಲಿ ಒಣಗಿದ ಪೈರು. ಕೊನೆಗೆ ಮೇಲ್ಮಣ್ಣು. ಹಾಸಿದ ಮೇಲೆ ಅದರ ಮೇಲೆ ಯಂತ್ರ ತಿರುಗಿಸಬೇಡಿ, ಹಿಂದಕ್ಕೆ ಸರಿಯುತ್ತಾ ಹಾಸಿ.

ಗುಂಡಿ ಖಾಲಿ ಇದೆ ಅಂತ ತಿಳಿದ ಕೂಡಲೇ ಕಟ್ಟಡದ ಅವಶೇಷ, ಊರಿನ ಕಸ ತುಂಬಿದ ಗಾಡಿಗಳು ಬರುತ್ತವೆ. ಚಿತ್ತಾಪುರ, ಶಹಾಬಾದ್ ಕಡೆಯಾದರೆ ಪರಸಿ ಪಾಲಿಶ್‌ನ ಕೆಸರೂ ಬರಬಹುದು. ದುಡ್ಡು ಕೊಡುತ್ತೇವೆ ಅಂದರೂ ಬೇಡ. ಆ ಕೆಸರು ಒಣಗಿ ನೀರು ಇಳಿಯದ ಹಾಳೆಯಾಗುತ್ತದೆ, ಕಸ ಬಾವಿಗೆ ಇಳಿಯುತ್ತದೆ. ಸಂಜೆ ಗೇಟಿಗೆ ಬೀಗ ಹಾಕಿ.

ಮೊದಲ ವರ್ಷ ಬೆಳೆಯ ಆಸೆ ಬೇಡ. ತಳದಲ್ಲಿ ಎಕರೆಗೆ 20ರಿಂದ 25 ಕೆಜಿ ಸೆಣಬು ಬಿತ್ತಿ, ಹೂ ಬರುವ ಹೊತ್ತಿಗೆ ಮಣ್ಣಿಗೆ ಮಗುಚಿ. ಇಳಿಜಾರಿಗೆ ಸ್ಟೈಲೋ ಅಥವಾ ಅಂಜನ ಹುಲ್ಲು, ನೀರು ಕೊರೆಯುವ ಕಡೆ ಅಡ್ಡ ಸಾಲಿನಲ್ಲಿ ಲಾವಂಚ. ಎರಡನೇ ವರ್ಷ ಹೆಸರು, ಉದ್ದು. ತೊಗರಿಯ ಬೇರು ಆಳಕ್ಕೆ ಹೋಗಬೇಕು, ಅದನ್ನು ಮೂರನೇ ವರ್ಷಕ್ಕೆ ಇಡಿ. ಕಲ್ಲು ಜಾಸ್ತಿ ಇರುವ ಅಂಚಿಗೆ ಸೀತಾಫಲ ಚೆನ್ನಾಗಿ ಹೊಂದುತ್ತದೆ, ದನವೂ ಮುಟ್ಟುವುದಿಲ್ಲ. ಬಳ್ಳಾರಿ ಜಾಲಿ ಮೊಳಕೆ ಕಂಡರೆ ಮೊಣಕಾಲೆತ್ತರ ಬೆಳೆಯುವ ಮುಂಚೆ ಬೇರು ಸಮೇತ ಕೀಳಿಸಿ.

ಹಂತ 9: ಮುಂದಿನ ಪಟ್ಟಿಗೆ ಹೋಗುವ ಮುನ್ನ

ಪಟ್ಟಿ 3 ತೆರೆಯುವುದಕ್ಕೆ ಒಂದೇ ಷರತ್ತು ಇಟ್ಟುಕೊಳ್ಳಿ: ಪಟ್ಟಿ 1 ಒಂದು ಪೂರ್ತಿ ಮಳೆಗಾಲ ಕಂಡಿರಬೇಕು. ಅಕ್ಟೋಬರ್‌ನಲ್ಲಿ ಹೋಗಿ ನೋಡಿ. ಇಳಿಜಾರಿನಲ್ಲಿ ಗೇಣು ಆಳದ ಕೊರಕಲು ಬಿದ್ದಿದ್ದರೆ ಮೇಲಿನಿಂದ ನೀರು ನುಗ್ಗುತ್ತಿದೆ, ಒಡ್ಡು ಸರಿಮಾಡಿ. ತಳದಲ್ಲಿ ವಾರಗಟ್ಟಲೆ ನೀರು ನಿಂತಿದ್ದರೆ ಸೀಳಿದ್ದು ಸಾಲದು. ಹುಲ್ಲು ಮಚ್ಚೆ ಮಚ್ಚೆಯಾಗಿ ಬಂದಿದ್ದರೆ ಬೋಳು ಜಾಗದ ಮಣ್ಣಿನ ದಪ್ಪ ಅಳೆಯಿರಿ, ಅಲ್ಲಿ ತೆಳುವಾಗಿರುತ್ತದೆ. ಕಂಡ ತಪ್ಪನ್ನು ಪಟ್ಟಿ 2ರಲ್ಲಿ ತಿದ್ದಿಕೊಳ್ಳಲು ಆಗಲೂ ಸಮಯ ಇರುತ್ತದೆ.

ದುಡ್ಡನ್ನೂ ಪಟ್ಟಿಯ ಲೆಕ್ಕದಲ್ಲೇ ತೆಗೆದಿಡಿ. ಮಾರಿದ ಪ್ರತಿ ಬ್ರಾಸ್‌ಗೆ ಇಷ್ಟು ಅಂತ ಬೇರೆ ಖಾತೆಗೆ ಹೋಗಲಿ, ಆ ಖಾತೆಗೆ ಜಮೀನಿನ ರೈತನ ಸಹಿಯೂ ಇರಲಿ. ಎಷ್ಟು ಅನ್ನುವುದಕ್ಕೆ ಪಟ್ಟಿ 1 ಸರಿಪಡಿಸಲು ಬಿದ್ದ ಯಂತ್ರದ ಗಂಟೆಗಳು, ಡೀಸೆಲ್, ಬೀಜದ ಬಿಲ್ಲುಗಳನ್ನು ಕೂಡಿಸಿ ಆ ಪಟ್ಟಿಯಿಂದ ಹೋದ ಬ್ರಾಸ್‌ನಿಂದ ಭಾಗಿಸಿ. ಸಿಕ್ಕ ಅಂಕೆಗೆ ಸ್ವಲ್ಪ ಸೇರಿಸಿಕೊಳ್ಳಿ, ಯಾಕೆಂದರೆ ಪಟ್ಟಿ 4ಕ್ಕೆ ಒಡ್ಡಿನ ಮಣ್ಣು ಇನ್ನೊಮ್ಮೆ ಎತ್ತಬೇಕು, ಇಳಿಯುವ ದಾರಿಯನ್ನೂ ತಿದ್ದಬೇಕು. ಆ ದಾರಿಯನ್ನು ಪೂರ್ತಿ ಅಳಿಸಬೇಡಿ. ಅಗಲ ಕಡಿಮೆ ಮಾಡಿ ಟ್ರ್ಯಾಕ್ಟರ್ ಇಳಿಯುವಷ್ಟು ಬಿಡಿ, ಕೆಳಗಿನ ಹೊಲಕ್ಕೆ ರೈತ ಅಲ್ಲಿಂದಲೇ ಹೋಗಬೇಕು.